ಕೊಟ್ರೇಶನನ್ನು ಹುಡುಕುವ ಸುಲಭ ದಾರಿ

ನಮ್ಮ ಕಾಲೇಜಿನ ಕಂಪ್ಯೂಟರು ನನ್ನ ಮಾತು ಕೇಳುವುದಿಲ್ಲವೆಂಬುದು ನನ್ನ ಬಹುದಿನಗಳ ಸಂಕಟ. ವಿದ್ಯಾರ್ಥಿಗಳ ಡೇಟಾಬೇಸಿಗೆ ಇಂಡೆಕ್ಸನ್ನು, ಅಂದರೆ ಯಾವ ಹೆಸರು ಎಲ್ಲೆಲ್ಲಿದೆ ಎಂದು ತೋರಿಸುವ ಸೂಚಿಯನ್ನು, ನಾನೇ ಕಟ್ಟಿಕೊಟ್ಟಿದ್ದೇನೆ. ಆದರೂ 'ಕೊಟ್ರೇಶ' ಎಂದು ಕೇಳಿದರೆ ಆ ಮಹಾಶಯ ಸೂಚಿಯತ್ತ ಕಣ್ಣೆತ್ತಿಯೂ ನೋಡದೆ ಇಡೀ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಪಾರಾಯಣ ಮಾಡುತ್ತಾನೆ. ಹುಡುಕಲು ಹೊರಡುವ ಮುನ್ನ ಇರುವ ದಾರಿಗಳನ್ನೆಲ್ಲ ತೂಗಿನೋಡಿ ಕಡಿಮೆ ಶ್ರಮದ್ದನ್ನು ಆರಿಸಿಕೊಳ್ಳುವ ಬುದ್ಧಿ ಅವನಿಗಿದೆಯಂತೆ. ನನ್ನ ಸೂಚಿಗಿಂತ ಪಾರಾಯಣವೇ ಸುಲಭವೆಂಬ ಅವನ ತೀರ್ಮಾನದಿಂದ ನನಗೆ ಅವಮಾನವಾಗಿತ್ತು.

ಹೀಗಿರುವಾಗ ಮೊನ್ನೆ ಹರಪನಹಳ್ಳಿಯಲ್ಲಿ ಹೆಂಡತಿಯ ರೇಷ್ಮೆ ಸೀರೆಗೆ ಫಾಲ್ ಹಾಕಿಸಿಕೊಂಡು ಬಸ್ಸಿನಲ್ಲಿ ಕೊಟ್ಟೂರಿಗೆ ಮರಳಿದೆ. ಇಳಿಯುವಾಗ ಮೇಲೆ ಬರೆದಿದ್ದ ನನ್ನ ಹೆಸರು ಓದಿಯೇ ಬಿಳಿ ಕೈಚೀಲವನ್ನು ಎತ್ತಿಕೊಂಡೆ. ನಾನು ಎಲ್ಲದರಲ್ಲೂ ಅಷ್ಟು ಕ್ರಮಬದ್ಧ. ಮನೆಯಲ್ಲಿ ಹೆಂಡತಿ ಚೀಲ ತೆರೆದರೆ ಒಳಗೊಂದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಎರಡು ಸಾಲು ಕಟ್ಟಿಸಿದ ಹಲ್ಲು, ನನ್ನನ್ನೇ ನೋಡಿ ನಗುತ್ತಿದ್ದವು.

"ನಾಳಿ ಕೂಡ್ಲಿಗಿಯಾಗ ತಂಗಿ ಮಗಳ ನಿಶ್ಚಿತಾರ್ಥಕ್ಕ ಇದನ್ನ ಉಟ್ಕೊಂಡು ಹೋಗ್ಲೇನ್ರಿ?" ಎಂದಳು.

ಚೀಲದ ಮೇಲೆ 'ಕೊಟ್ರೇಶ, ಕೊಟ್ಟೂರು' ಎಂದೇ ಇತ್ತು. ಅದು ನನ್ನ ಹೆಸರೇ, ಅಕ್ಷರ ಮಾತ್ರ ನನ್ನದಲ್ಲ. ಬಸ್ ನಿಲ್ದಾಣದ ಚಹಾದಂಗಡಿಗೆ ಓಡಿ, "ಕೊಟ್ರೇಶಪ್ಪಾರು ಅದಾರೇನ್ರಿ?" ಎಂದು ಕೂಗಿದೆ. ಬೆಂಚಿನ ಮೇಲಿದ್ದ ಐವರು ಎದ್ದು ನಿಂತರು. ಪಕ್ಕದ ಕಟಿಂಗ್ ಶಾಪಿನಿಂದ ಒಬ್ಬರು ಅರ್ಧ ಗಡ್ಡದಲ್ಲೇ ಬಂದರು. ಊರ ದೇವರ ಹೆಸರಿಡದ ಮನೆ ನಮ್ಮಲ್ಲಿ ಎಷ್ಟಿದ್ದೀತು, ನೀವೇ ಹೇಳಿ! ಚಹಾ ಸೋಸುತ್ತಿದ್ದ ಅಂಗಡಿಯವರು, ಅವರೂ ಕೊಟ್ರೇಶರೇ, ನನ್ನನ್ನು ಕನಿಕರದಿಂದ ನೋಡಿದರು.

"ಹೆಸರು ಹಿಡ್ಕೊಂಡು ಹೊಂಟ್ರ ಊರೆಲ್ಲಾ ತಿರುಗಬೇಕಾಗತೈತಿ ಸರ. ಚೀಲದಾಗ ಏನೈತಿ, ಅದನ್ನ ಹೇಳ್ರಿ."

ಡಬ್ಬಿ ತೆರೆದು ತೋರಿಸಿದೆ.

"ಅಯ್ಯ! ಹಿಂದಿನ ಬೆಂಚಿನ ಅಜ್ಜಾರು ಆವಾಗಿಂದ ಮಿರ್ಚಿ ಭಜಿ ಬ್ಯಾಡಂತ ಬರೇ ಚಾ ಕುಡಿಯಾಕ ಹತ್ಯಾರ, ನೋಡ್ರಿ ಅವರನ್ನ!"

ಅಜ್ಜನ ತೊಡೆಯ ಮೇಲೆ ನನ್ನ ಚೀಲವಿತ್ತು. ನಾನು ಕೂಗಿದಾಗ ಅವರೂ ಓಗೊಟ್ಟಿದ್ದರಂತೆ. ಹಲ್ಲಿಲ್ಲದ ಆ ದನಿ ಯಾರಿಗೂ ತಿಳಿದಿರಲಿಲ್ಲ. ಹಲ್ಲು ಕೂರಿಸಿಕೊಂಡು, ಮೊದಲು ಮಿರ್ಚಿ ತರಲು ಹೇಳಿ, ಆಮೇಲೆ ನನ್ನತ್ತ ತಿರುಗಿದರು. "ಸೀರಿ ಚಲೋ ಐತ್ರಿ. ಆದ್ರ ನನಗ ಒಪ್ಪಂಗಿಲ್ಲ."

ಸೀರೆ ನಿಶ್ಚಿತಾರ್ಥದಲ್ಲಿ ಮಿಂಚಿತು, ನಾನು ಬದುಕಿದೆ. ಕಾಲೇಜಿನ ಕಂಪ್ಯೂಟರಿನ ಹಟವೂ ಆಗಲೇ ನನಗೆ ಅರ್ಥವಾಯಿತು. ಪಟ್ಟಿಯಲ್ಲಿ ಕೊಟ್ರೇಶರು ಹೆಚ್ಚುಕಡಿಮೆ ಎಷ್ಟಿದ್ದಾರೆಂದು ಕಂಪ್ಯೂಟರಿಗೆ ಮೊದಲೇ ಗೊತ್ತಿತ್ತು. ಸೂಚಿ ಹಿಡಿದು ಅಷ್ಟೂ ಜನರ ಬಾಗಿಲಿಗೆ ಒಬ್ಬೊಬ್ಬರಂತೆ ಅಲೆಯುವುದಕ್ಕಿಂತ ಪಾರಾಯಣವೇ ವಾಸಿಯೆಂದು ಅದು ಬಗೆದದ್ದು ಸರಿಯೇ. ಇದೇ ಊರಲ್ಲಿ ಹುಟ್ಟಿದ ನನಗೆ ಅಷ್ಟು ಹೊಳೆಯಲಿಲ್ಲ. ಈಗ ಅದು ಪಾರಾಯಣ ಶುರು ಮಾಡಿದರೆ ಬೈಯುವುದಿಲ್ಲ, ಕೈಕಟ್ಟಿ ಕೂರುತ್ತೇನೆ.

ನನ್ನ ಚೀಲದ ಮೇಲೆ ಈಗಲೂ ಕೊಟ್ರೇಶ ಎಂದೇ ಇದೆ. ಅದರ ಕೆಳಗೆ ಹೆಂಡತಿ ದಪ್ಪಕ್ಷರದಲ್ಲಿ ಬರೆದಿದ್ದಾಳೆ: 'ಇವರ ಹಲ್ಲು ಬಾಯಲ್ಲೇ ಇವೆ.'