ಕಲ್ಲಿನ ಸಂದಿಗೆ ಕರಿಕೆ ಹಚ್ಚಿದ್ದು

ತೊಂಬತ್ತರ ದಶಕದ ನಡುವೆ ನಮ್ಮ ಮನೆಗೊಂದು ಹಳೆಯ ಜೀಪು ಬಂತು. ನಿಪ್ಪಾಣಿಯ ಹೊರಗೆ ನಮ್ಮದು ಸಣ್ಣ ಮನೆ. ನಾನು ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು. ನಮ್ಮ ಮನೆಯವರು ದಿನಾ ಭೋಜ ಊರಿನ ಹೊಲಕ್ಕೆ ಹೋಗಿಬರುತ್ತಿದ್ದರು. ಅಂಗಳವೆಲ್ಲ ಎರೆಮಣ್ಣು. ಒಂದು ಮಳೆಗೆ ಗಾಲಿ ಅರ್ಧ ಹುಗಿದು, ಕಬ್ಬಿನ ಟ್ರ್ಯಾಕ್ಟರ್ ಕರೆಸಿ ಜೀಪು ಎಳೆಸಬೇಕಾಯಿತು. ಓಣಿಯ ಮಂದಿಯೆಲ್ಲ ನಿಂತು ನೋಡಿದರು. ಆ ಅವಮಾನಕ್ಕೆ ಮುಂದಿನ ಬೇಸಿಗೆಯಲ್ಲಿ ಮನೆಯವರು ಗೌಂಡಿಯನ್ನು ಕರೆಸಿ ಗೋಡೆಯಿಂದ ಗೋಡೆಗೆ ಸಿಮೆಂಟ್ ಹಾಕಿಸಿದರು. ನಾನೂ ಬೇಡ ಅನ್ನಲಿಲ್ಲ. ಕಸ ಹೊಡೆಯಲು ಹಗುರ ಎಂದು ಖುಷಿಯೇ ಆಗಿತ್ತು.

ಜೂನಿನಲ್ಲಿ ಮಿರಗದ ಮಳೆ ಬಿದ್ದ ಮಧ್ಯಾಹ್ನ ಸಾಲಿಯಿಂದ ತೋಯಿಸಿಕೊಂಡು ಬಂದೆ. ನಮ್ಮ ಅಂಗಳದಲ್ಲಿ ಹನಿ ನೀರು ನಿಂತಿರಲಿಲ್ಲ. ಮೊದಲು ಮಣ್ಣಲ್ಲಿ ಇಂಗುತ್ತಿದ್ದದ್ದೆಲ್ಲ ಸಿಮೆಂಟಿನ ಇಳಿಜಾರು ಹಿಡಿದು ಪಕ್ಕದ ಮನೆಗೆ ನುಗ್ಗಿತ್ತು. ಅಲ್ಲಿ ವಯಸ್ಸಾದ ಜೈನ ಹೆಣ್ಣುಮಗಳೊಬ್ಬರು ತಮ್ಮ ಮಗಳ ಜೊತೆ ಶಾವಿಗೆ, ಹಪ್ಪಳ ಮಾಡಿ ಮಾರುತ್ತಿದ್ದರು. ನಾವು ಅವರಿಗೆ ಕಾಕೂ ಅನ್ನುತ್ತಿದ್ದೆವು. ಕಾಕೂ ಹಸಿಯಾದ ಶಾವಿಗೆಯನ್ನು ಸೀರೆಯ ಮೇಲೆ ಹರವುತ್ತಿದ್ದರು. ಅರ್ಧಕ್ಕರ್ಧ ಮುದ್ದೆಯಾಗಿತ್ತು.

“ಏನಾತ್ರಿ ಕಾಕೂ?”

“ಏನಿಲ್ಲ ತಂಗಿ. ನೀರ ಒಳಗ ಬಂತು. ನೀರಿಗೇನ ಗೊತ್ತು, ಇದು ಯಾರ ಮನಿ ಅಂತ.”

ಅಷ್ಟೇ ಅಂದರು. ಜಗಳ ತೆಗೆದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲವಾದ್ದರಿಂದ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಪಾಠ ಹೇಳುವಾಗ ಕಿಟಕಿಯಾಚೆ ಮೋಡ ಕಂಡರೆ ಬಳಪ ನಿಂತುಬಿಡುತ್ತಿತ್ತು. ಮನೆಯಲ್ಲಿದ್ದರೆ ಮಳೆಯಲ್ಲೇ ಕಸಬರಿಗೆ ಹಿಡಿದು ನೀರನ್ನು ರಸ್ತೆಯ ಕಡೆ ತಳ್ಳುತ್ತಿದ್ದೆ. ರಸ್ತೆ ಎತ್ತರ; ನೀರು ತಿರುಗಿ ನನ್ನ ಕಾಲಿಗೇ ಬರುತ್ತಿತ್ತು.

“ಸಿಮೆಂಟ್ ಒಡಸೋಣು,” ಅಂದೆ.

“ಹಾಕಿಸಿ ಮೂರ ತಿಂಗಳ ಆಗಿಲ್ಲ. ಮಂದಿ ನಗತಾರ,” ಅಂದರು ಮನೆಯವರು. ಒಡೆಸಿದರೆ ಮತ್ತೆ ರಾಡಿಯಲ್ಲಿ ಜೀಪು ಹುಗಿಯುತ್ತದಲ್ಲ ಎಂದು ಕೇಳಿದರು.

ಅದಕ್ಕೆ ಉತ್ತರ ಸಿಕ್ಕಿದ್ದು ಕೊಲ್ಲಾಪುರದಲ್ಲಿ. ಅತ್ತಿಗೆಯ ಹೆರಿಗೆಗೆಂದು ಒಂದು ದವಾಖಾನೆಗೆ ಹೋಗಿದ್ದೆ. ಅಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿ ನಾಲ್ಕು ಬೆರಳು ಸಂದಿ ಬಿಟ್ಟು ಕಲ್ಲು ಹಾಸಿದ್ದರು. ಸಂದಿಯಲ್ಲೆಲ್ಲ ಹುಲ್ಲು. ಜೋರು ಮಳೆ ನಿಂತು ಸ್ವಲ್ಪ ಹೊತ್ತೂ ಆಗಿರಲಿಲ್ಲ, ಎಲ್ಲಿಯೂ ನೀರಿಲ್ಲ. ನಾನು ಕುಕ್ಕರಗಾಲಲ್ಲಿ ಕೂತು ಛತ್ರಿಯ ತುದಿಯಿಂದ ಸಂದಿ ಕೆದಕಿದೆ. ಏನು ಬಿತ್ತು ತಾಯಿ ಎಂದು ಕಾವಲುಗಾರ ಮರಾಠಿಯಲ್ಲಿ ಕೇಳಿದ. ಅವನಿಂದಲೇ ಒಂದು ಬಕೀಟು ನೀರು ಹೊಯ್ಯಿಸಿ ನೋಡಿದೆ. ನೋಡನೋಡುತ್ತ ಇಂಗಿತು. ಕೂಸನ್ನು ನೋಡಿದ್ದಕ್ಕಿಂತ ಆ ಕಲ್ಲು ನೋಡಿದ್ದೇ ಹೆಚ್ಚು ಎಂದು ಅತ್ತಿಗೆ ಎಷ್ಟೋ ದಿನ ಅಂದಳು.

ಅಂಥದ್ದೇ ಕಲ್ಲು ಹಾಸಿಸೋಣ ಅಂದರೆ ಮನೆಯವರು ಒಪ್ಪಲಿಲ್ಲ. ಹುಲ್ಲಿಗೆ ಹಾವು ಬರುತ್ತವೆ ಅಂದರು. ದೀಪಾವಳಿ ಮುಗಿದ ಮೇಲೆ ಒಂದು ರವಿವಾರ ನಾನೇ ಹಾರೆ ತಗೊಂಡು ಮೂಲೆಯಲ್ಲಿ ಕುಟ್ಟತೊಡಗಿದೆ. ಹೆಂಡತಿ ಅಂಗಳ ಒಡೆಯುವುದನ್ನು ಓಣಿ ನೋಡೀತೆಂದು ಅವರೇ ಗೌಂಡಿಯನ್ನು ಕರೆತಂದರು.

“ಅಕ್ಕೋರ, ಹುಲ್ಲ ಬರಬಾರದಂತ ಮಂದಿ ಸಿಮೆಂಟ್ ಹಾಕಸ್ತಾರ. ನೀವು ಹುಲ್ಲ ಹಚ್ಚಾಕ ಸಿಮೆಂಟ್ ಒಡಸಾಕತ್ತೀರಿ,” ಅಂದ ಗೌಂಡಿ. ಆದರೆ ಕೆಲಸ ಚೆನ್ನಾಗಿ ಮಾಡಿದ. ಮೊಳದಾಳ ಎರೆಮಣ್ಣು ತೆಗೆದು ಖಡಿಕಲ್ಲು ತುಂಬಿ, ಮೇಲೆ ಉಸುಕು ಹರವಿ, ಸಂದಿ ಬಿಟ್ಟು ಕಲ್ಲು ಕೂರಿಸಿದ. ಹೊಲದ ಬದುವಿನಿಂದ ಕರಿಕೆ ಹುಲ್ಲು ತಂದು ನಾನೇ ಹಚ್ಚಿದೆ. ಜೀಪಿನ ಎಣ್ಣೆ ತೊಟ್ಟಿಕ್ಕುವಲ್ಲಿ ಅದು ಸತ್ತಿತು. ಮತ್ತೆ ಹಚ್ಚಿದೆ, ಮತ್ತೆ ಸತ್ತಿತು. ಒಂದು ಮುಂಜಾನೆ ನೋಡಿದರೆ ಜೀಪು ರಸ್ತೆಯ ಮೇಲಿತ್ತು.

“ಅದಕ್ಕ ಸ್ವಲ್ಪ ಬಿಸಲ ಬೀಳಲಿ,” ಅಂದು ಮನೆಯವರು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಮರುವರ್ಷ ಮಿರಗದ ಮೋಡ ಕಟ್ಟಿದಾಗ ಅರ್ಧ ದಿನದ ರಜೆ ಬರೆದುಕೊಟ್ಟು ಓಡಿಬಂದೆ. ನೀರು ಕಲ್ಲಿನ ನಡುವೆ ಗುಳ್ಳೆ ಎಬ್ಬಿಸುತ್ತ ಇಂಗುತ್ತಿತ್ತು. ಪೂರ್ತಿ ಅಲ್ಲ, ಒಂದು ತೆಳು ಎಳೆ ಕೆಳಗೆ ಹರಿದೇ ಇತ್ತು. ಅದರ ಹಿಂದೆಯೇ ಹೋಗಿ ಕಾಕೂನ ಬಾಗಿಲಲ್ಲಿ ನಿಂತೆ.

“ಒಳಗ ಬಂತೇನ್ರಿ?”

“ಇಲ್ಲ, ಹೊರಗ ಕಟ್ಟಿ ಮಟಾ ಬಂದು ನಿಂತೈತಿ. ನೀ ತೋಯಿಸ್ಕೋಬ್ಯಾಡ, ಒಳಗ ಬಾ.”

ಕಾಕೂ ಚಹಾ ಕೊಟ್ಟು ಕುಂದರು ಅಂದರು. ಕೂಡಲಾಗಲಿಲ್ಲ. ಮಳೆ ನಿಲ್ಲುವವರೆಗೂ ಚಹಾದ ಬಸಿ ಹಿಡಿದುಕೊಂಡು, ಆ ನೀರಿನ ಎಳೆಯನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದೆ.