ಅವರಿಗೂ ಬಂದ ಝಳ

ತೆಲಂಗಾಣ ಚಳವಳಿಯ ವರ್ಷಗಳಲ್ಲಿ ನನ್ನ ಗಂಡ ಜಹೀರಾಬಾದಿನ ಪ್ರೌಢಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದರು. ಅದಕ್ಕೂ ಮೊದಲೇ, ಮೂತ್ರ ಕಟ್ಟುತ್ತದೆ ಎಂದು ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಗಿತ್ತು. ಆಗ ತೆಗೆದ ತುಣುಕು ನೋಡಿ, ಕ್ಯಾನ್ಸರ್ ಅಲ್ಲ, ಬರೀ ಸಾದಾ ಊತ ಎಂದಿದ್ದರು ಡಾಕ್ಟರು. ಓಣಿಗೆಲ್ಲ ಪೇಡಾ ಹಂಚಿದ್ದೆ. ಕೆಲವು ವರ್ಷಗಳ ಮೇಲೆ ಅದೇ ತೊಂದರೆ ಮರಳಿತು. ಬೀದರಿನ ಡಾಕ್ಟರು ಮತ್ತೆ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು.

ವರದಿ ಕೇಳಲು ಹೊರಟ ದಿನ ಪ್ರತ್ಯೇಕ ರಾಜ್ಯಕ್ಕಾಗಿ ಬಂದ್. ಬಸ್ಸಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಹೊರಟೆವು. ರಸ್ತೆಗೆ ಕಲ್ಲಿಟ್ಟಿದ್ದ ಹುಡುಗರು ಇವರನ್ನು ನೋಡಿ, "ನಮ್ ಸರ್ ಅದಾರ, ಬಿಡ್ರೋ" ಎಂದು ತಾವೇ ದಾರಿ ಮಾಡಿಕೊಟ್ಟರು.

"ಈ ಸಲ ಕ್ಯಾನ್ಸರ್ ಅದರಿ, ಸರ್" ಎಂದರು ಡಾಕ್ಟರು.

ಇವರು, "ಅದೇ ಗ್ರಂಥಿ ಅಲ್ಲೇನ್ರಿ? ಹೋದ ಸಲ ಸಾದಾ ಇತ್ತು, ಈಗ್ಯಾಕ ಹಿಂಗಾತು?" ಎಂದು ಕೇಳಿದರು.

"ಯಾಕಂತ ಹೇಳಾಕ ಆಗಲ್ರಿ. ಆದ್ರ ಸಾದಾ ಊತ, ಕ್ಯಾನ್ಸರ್ ಎರಡರಾಗೂ ಗಂಡು ಹಾರ್ಮೋನು ಹೋಗಿ ಕೂಡೋ ಜಾಗ ಇರ್ತಾವ. ಗ್ರಾಹಕ ಅಂತೀವಿ. ಹಾರ್ಮೋನು ಅಲ್ಲಿ ಕೂತ್ರ ಕೋಶ ಬೆಳೀತಾವ. ಸಾದಾ ಊತ ಇದ್ದಲ್ಲೇ ಬೆಳೀತದ, ಕ್ಯಾನ್ಸರ್ ಬ್ಯಾರೆ ಕಡಿನೂ ಹರಡ್ತದ. ಹಾರ್ಮೋನು ತಗ್ಗಿಸಾಕ ಇಂಜೆಕ್ಷನ್ ಕೊಡ್ತೀನಿ. ಗ್ರಾಹಕ ಖಾಲಿ ಇದ್ರ ರೋಗ ಹಿಡಿತಕ್ಕ ಬರ್ತದ."

ವಾಪಸು ಬರುವಾಗ ಕಬ್ಬಿನ ಹೊಲಗಳು ಶುರುವಾದವು. ಇವರು ಮುಂದೆ ಕೂತವರಿಗೆ ಕೇಳಿಸದ ಹಾಗೆ, "ಗಂಡು ಹಾರ್ಮೋನೇ ಇಲ್ಲಂದ್ರ ನಾ ಏನಾಗಿ ಉಳೀತೀನಿ?" ಎಂದರು.

"ನನ್ನ ಗಂಡ ಆಗಿ ಉಳೀತೀರಿ" ಎಂದೆ.

ಇಂಜೆಕ್ಷನ್ ಶುರುವಾದ ಆ ಚಳಿಗಾಲ ಮೇಷ್ಟ್ರುಗಳೆಲ್ಲ ಧರಣಿಯ ಟೆಂಟಿನಲ್ಲಿ ಕೂಡುತ್ತಿದ್ದರು. ಒಂದು ಮಧ್ಯಾಹ್ನ ಇವರು ಅಲ್ಲಿಂದ ಎದ್ದು ಮನೆಗೆ ಬಂದರು. ಮುಖ ಕೆಂಪಗೆ, ಅಂಗಿ ಒದ್ದೆ.

"ಜ್ವರ ಅಲ್ಲ. ಎದಿಯಿಂದ ಝಳ ಏರ್ತದ, ಆಮ್ಯಾಲ ಚಳಿ. ಯಾರಿಗೂ ಹೇಳಬ್ಯಾಡ."

ಹಾರ್ಮೋನು ತಗ್ಗಿದಾಗ ಏರುವ ಆ ಝಳ ನನಗೆ ಗೊತ್ತಿತ್ತು. ಮುಟ್ಟು ನಿಲ್ಲುವ ಕಾಲಕ್ಕೆ ರೊಟ್ಟಿ ಬಡಿಯುತ್ತಲೇ ಬೆವರಿನಲ್ಲಿ ತೊಯ್ದು ಹೋಗುತ್ತಿದ್ದೆ. ಒಲೆಯ ಕಾವು ಎಂದೇ ಮನೆಯವರೆಲ್ಲ ತಿಳಿದಿದ್ದರು.

"ನಂಗೂ ಹಿಂಗೇ ಆಗ್ತಿತ್ರಿ, ವರ್ಷಗಟ್ಟಲೆ."

"ನಿಂಗ? ನನಗ್ಯಾಕ ಹೇಳಲಿಲ್ಲ?"

"ಇಂಥದ್ದು ಹ್ಯಾಂಗ ಹೇಳೋದಂತ ತಿಳೀಲಿಲ್ಲ."

ಇವರು ನನ್ನ ಕೈ ಹಿಡಿದರು. ಅವರ ಅಂಗೈ ಇನ್ನೂ ಬೆವರುತ್ತಿತ್ತು. ಆಮೇಲೆ ಒಂದೊಂದೇ ಕೇಳಿದರು: ಮೊದಲು ಎಲ್ಲಿ ಬಿಸಿಯಾಗುತ್ತಿತ್ತು, ನಿದ್ದೆ ಬರುತ್ತಿತ್ತೋ ಇಲ್ಲವೋ, ಸುಮ್ಮಸುಮ್ಮನೆ ಅಳು ಬರುತ್ತಿತ್ತೇ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನನ್ನ ಮೈಯ ಬಗ್ಗೆ ಅವರು ಅಷ್ಟು ಕೇಳಿದ್ದೂ ಇಲ್ಲ, ನಾನು ಅಷ್ಟು ಹೇಳಿದ್ದೂ ಇಲ್ಲ. ಒಲೆಯ ಮೇಲಿನ ಬೇಳೆ ಸೀದು ವಾಸನೆ ಬಂದಾಗಲೇ ನಾನು ಎದ್ದದ್ದು.

ಮರುದಿನದಿಂದ ಅವರ ಚೀಲದಲ್ಲಿ ಇನ್ನೊಂದು ಅಂಗಿ, ಒಂದು ತೆಳು ಟವೆಲ್ ಇಟ್ಟು ಟೆಂಟಿಗೆ ಕಳಿಸತೊಡಗಿದೆ. ಮುಂದಿನ ರಕ್ತಪರೀಕ್ಷೆಯಲ್ಲಿ ರೋಗ ತಗ್ಗಿತ್ತು. ಪೂರಾ ಹೋಗಲಿಲ್ಲ, ಆದರೆ ಹಿಡಿತದಲ್ಲಿ ಉಳಿಯಿತು. ತೆಲಂಗಾಣ ರಾಜ್ಯ ಬಂತು, ಇವರು ನಿವೃತ್ತರಾದರು. ಝಳ ಏರಿದಾಗ ಈಗ ಮುಚ್ಚಿಡುವುದಿಲ್ಲ. "ಬಂತು ನೋಡು" ಎಂದು ಅಂಗಳದಿಂದಲೇ ಕೂಗುತ್ತಾರೆ. ನಾನು ಕೆಲಸ ಬಿಟ್ಟು ಹೋಗಿ, ಅದು ಇಳಿಯುವವರೆಗೆ ಪಕ್ಕದಲ್ಲಿ ಕೂಡುತ್ತೇನೆ.