ಸುರಂಗವಿಲ್ಲದೆ ಕಳಸಕ್ಕೆ

ನಾನು ಜೀಪು ಓಡಿಸುವವನು. ಬಾಳೂರಿನಿಂದ ಕೆಲಸದವರನ್ನು ಎಸ್ಟೇಟುಗಳಿಗೆ ಬಿಡುವುದು, ಶನಿವಾರ ಭಾನುವಾರ ಅತ್ತಿಗುಂಡಿ ಕಡೆ ಹೋಗಿ ಪ್ರವಾಸಿಗಳನ್ನು ಗುಡ್ಡ ಹತ್ತಿಸಿ ಇಳಿಸುವುದು, ಇದು ಹೊಟ್ಟೆಪಾಡು. ಮಧ್ಯಾಹ್ನ ಊಟ ಆದಮೇಲೆ ಎರಡು ಗಂಟೆ ಮಾತ್ರ ನಾನು ರೈಲು ಓಡಿಸುತ್ತೇನೆ. ಕಂಪ್ಯೂಟರಿನಲ್ಲಿ. ಇದನ್ನು ಆಟ ಅನ್ನುವವರು ಅನ್ನಲಿ. ನಲವತ್ತು ಬೋಗಿ ಕಲ್ಲಿದ್ದಲನ್ನು ಇಳಿಜಾರಿನಲ್ಲಿ ಹಿಡಿದುಕೊಂಡು ತರುವಾಗ ನನ್ನ ಅಂಗೈ ನಿಜವಾಗಿಯೂ ಬೆವರುತ್ತದೆ. "ಬೆಳಿಗ್ಗೆ ಜೀಪು, ಮಧ್ಯಾಹ್ನ ರೈಲು, ಮನೇಲಿ ಇರೋದು ಯಾವಾಗ?" ಅಂತ ಹೆಂಡತಿ ಕೇಳುತ್ತಾಳೆ. ಕುರ್ಚಿ ಬಿಟ್ಟು ಅಲ್ಲಾಡದವನನ್ನು ಮನೆಯಲ್ಲಿಲ್ಲ ಅನ್ನುವುದು ಯಾವ ನ್ಯಾಯವೋ ನನಗಂತೂ ಗೊತ್ತಿಲ್ಲ.

ಈ ಹುಚ್ಚು ಹತ್ತಿದ್ದು ಸಕಲೇಶಪುರದ ಆಚೆ. ಬಾಡಿಗೆಗೆ ಹೋಗಿದ್ದವನು ರೈಲ್ವೆ ಗೇಟು ಹಾಕಿದ್ದಕ್ಕೆ ಬೈಯುತ್ತಾ ಕೂತಿದ್ದೆ. ಗೂಡ್ಸ್ ರೈಲೊಂದು ಘಾಟಿ ಹತ್ತಿ ಬಂತು. ಮುಂದೆ ಎಳೆಯಲು ಎಂಜಿನ್, ಹಿಂದೆ ತಳ್ಳಲು ಮತ್ತೆ ಎಂಜಿನ್. ಸ್ಟೀರಿಂಗ್ ಮೇಲಿಟ್ಟ ಕೈಗೆ ನೆಲದ ನಡುಕ ಬಂತು. ಅಷ್ಟು ಭಾರ, ಅಷ್ಟು ನಿಧಾನ, ಆದರೆ ನಿಲ್ಲುವ ಮಾತೇ ಇಲ್ಲ. ಗೇಟು ತೆಗೆದ ಮೇಲೂ ನಾನು ಹೊರಡದೆ ಬಾಯಿ ಬಿಟ್ಟುಕೊಂಡು ಕೂತಿದ್ದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ.

ಈ ಆಟ ಆಡುವವರದ್ದೊಂದು ಗುಂಪಿದೆ, ಫೋನಿನಲ್ಲಿ. ಯಾರ ಮುಖವನ್ನೂ ಯಾರೂ ಕಂಡಿಲ್ಲ. ಅಲ್ಲಿ ಸದಾ ಒಂದೇ ಜಗಳ: ಮುಂದೆ ಯಾವ ರೈಲುದಾರಿಯನ್ನು ಆಟಕ್ಕೆ ಸೇರಿಸಬೇಕು. ಒಬ್ಬನಿಗೆ ಸುಬ್ರಹ್ಮಣ್ಯ ಘಾಟಿ ಬೇಕು, ಇನ್ನೊಬ್ಬನಿಗೆ ದೂಧ್‌ಸಾಗರ, ಮತ್ತೊಬ್ಬನಿಗೆ ಕೊಂಕಣ, ಮಗದೊಬ್ಬ ಅರಕು ಕಣಿವೆ ಬಿಟ್ಟು ಮಾತೇ ಆಡುವುದಿಲ್ಲ. ಒಂದು ದಿನ ತಲೆ ಕೆಟ್ಟು ನಾನೂ ಬರೆದೆ: ಚಿಕ್ಕಮಗಳೂರಿನಿಂದ ಮೂಡಿಗೆರೆ, ಬಾಳೂರು, ಕಳಸ. ಯಾವನೋ ತಕ್ಷಣ ಉತ್ತರ ಹಾಕಿದ, "ಗುರುವೇ, ರೈಲು ಚಿಕ್ಕಮಗಳೂರಿಗೇ ಮುಗೀತದೆ. ಇಲ್ಲದ ದಾರಿ ಯಾರು ಹಾಕ್ತಾರೆ?" ನಗುವ ಮುಖಗಳು ಸಾಲುಗಟ್ಟಿದವು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಾನೇ ಹಾಕ್ತೀನಿ" ಅಂದುಬಿಟ್ಟೆ.

ಹಾಕಲು ಬರುತ್ತದೆ, ಅದು ಸುಳ್ಳಲ್ಲ. ಉಪಗ್ರಹ ಮೇಲಿನಿಂದ ಅಳೆದ ಗುಡ್ಡ ಹಳ್ಳಗಳನ್ನು ಹಾಗೇ ಆಟದೊಳಗೆ ಇಳಿಸಿಕೊಂಡು ಅದರ ಮೇಲೆ ನಾವೇ ಹಳಿ ಎಳೆಯಬಹುದು. ನಾನು ಎಳೆದೆ, ನನಗೆ ತಿಳಿದ ಹಾಗೆ, ಅಂದರೆ ಜೀಪಿನವನ ಹಾಗೆ. ಇದು ಎರಡನೇ ಗೇರಿನ ಏರು, ಇದು ಮೂರನೆಯದು, ಹತ್ತುತ್ತದೆ ಬಿಡು ಅಂತ. ಮೂಡಿಗೆರೆ ದಾಟಿ ಎರಡು ತಿರುವು ಹೋಗುವುದರೊಳಗೆ ಎಂಜಿನ್ ಚಕ್ರ ನಿಂತಲ್ಲೇ ಗಿರಗಿರ ಸುತ್ತಿ, ಇಡೀ ರೈಲು ಹಿಂದಕ್ಕೆ ಜಾರಿತು. ರೈಲಿಗೆ ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿಗಿಂತ ಹೆಚ್ಚು ಹತ್ತಲಾಗುವುದಿಲ್ಲವಂತೆ. ನಮ್ಮೂರಿನಲ್ಲಿ ಅಷ್ಟು ಮಟ್ಟಸವಾದದ್ದು ಕಾಫಿ ಒಣಗಿಸುವ ಕಣ ಒಂದೇ.

ಆಗ ನೆನಪಾದವರು ಮೇಸ್ತ್ರಿ. ನಮ್ಮ ಮನೆಯಿಂದ ಮೇಲಿನ ಮನೆ, ಎಂಬತ್ತರ ಹತ್ತಿರ ವಯಸ್ಸು. ಎಸ್ಟೇಟುಗಳಲ್ಲಿ ರಸ್ತೆ, ಚರಂಡಿಗಳಿಗೆ ಗೆರೆ ಹಾಕುವುದು ಅವರು ಜೀವಮಾನವಿಡೀ ಮಾಡಿದ ಕೆಲಸ. ಪ್ರಾಯದಲ್ಲಿ ರೈಲಿನ ಸರ್ವೆಗೆ ಬಂದವರ ಅಳತೆಕೋಲು ಹೊತ್ತುಕೊಂಡು ಈ ಗುಡ್ಡವೆಲ್ಲ ತಿರುಗಿದ್ದರಂತೆ. ಜಾವಳಿ ಆಚೆ ಎರಡು ಕಣಿವೆಗಳ ನಡುವೆ ಎದ್ದ ಗುಡ್ಡದ ಏಣಿನಲ್ಲಿ ಸುರಂಗ ಕೊರೆಯದೆ ಆಗುವುದಿಲ್ಲ ಅಂತ ಸರ್ವೆಯವರು ಕೈಚೆಲ್ಲಿ ಹೋದರು. ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. ಒಂದೂ ಸುರಂಗವಿಲ್ಲದೆ ಕಳಸಕ್ಕೆ ರೈಲು ಬರುತ್ತದೆ ಅಂತ ಅವತ್ತಿನಿಂದ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಭಾನುವಾರಗಳಲ್ಲಿ ಇಳಿಜಾರು ಅಳೆಯುವ ಎಸ್ಟೇಟಿನ ಟ್ರೇಸರ್ ಹೊತ್ತು ಕಂಡವರ ತೋಟಗಳಲ್ಲೆಲ್ಲ ಗೆರೆ ಹಾಕಿದರು. ಊರು ಅವರಿಗೆ ರೈಲು ಮೇಸ್ತ್ರಿ ಅಂತ ಹೆಸರಿಟ್ಟಿತು. ಅವರ ಮಗನ ಮದುವೆಯ ಚಪ್ಪರದಲ್ಲೂ, ಹೆಣ್ಣಿನ ಕಡೆಯವರ ಎದುರು, ಯಾರೋ ಈ ಮಾತು ತೆಗೆದು ನಕ್ಕಿದ್ದರಂತೆ. ನಾನೂ ಚಿಕ್ಕವನಿದ್ದಾಗ ಆ ಹೆಸರು ಕೂಗಿ ಓಡಿದವನೇ, ಈಗ ಮುಚ್ಚಿಟ್ಟು ಏನು ಮಾಡುವುದು.

ವಿಷಯ ಹೇಳಿದಾಗ ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ತಮಾಷೆಗೆ ಬಂದಿದ್ದಾನೋ ನಿಜಕ್ಕೂ ಬಂದಿದ್ದಾನೋ ಅಂತ ಅಳೆಯುತ್ತಿದ್ದರು. ಆಮೇಲೆ ಅಟ್ಟದಿಂದ ಟ್ರೇಸರ್ ಇಳಿಸಿದರು. ಏನಿಲ್ಲ, ಕೋಲಿಗೆ ನೇತುಹಾಕುವ ಒಂದು ಹಿತ್ತಾಳೆ ಕೊಳವೆ, ಅದರಡಿ ಆಚೆ ಈಚೆ ಜರುಗಿಸುವ ತೂಕ. ತೂಕವನ್ನು ಬೇಕಾದ ಇಳಿಜಾರಿಗೆ ಇಟ್ಟು ಕೊಳವೆಯಲ್ಲಿ ಕಣ್ಣಿಟ್ಟರೆ, ಎದುರಿನವನು ಹಿಡಿದ ಹಲಗೆ ಎಲ್ಲಿ ಕಾಣುತ್ತದೋ ಅಲ್ಲಿ ಗೂಟ.

"ಗೂಟ ಒಂದೂ ಉಳಿದಿಲ್ಲ ಮಾರಾಯ," ಅಂದರು. "ಆದ್ರೆ ಜಾಗ ಎಲ್ಲಾ ಗೊತ್ತು."

ಗೊತ್ತು ಅಂದರೆ ಹೇಗೆ ಗೊತ್ತು ಅಂತ ನಾನು ಆ ಬೇಸಿಗೆಯಲ್ಲಿ ಕಂಡೆ. ಜೀಪು ಹೋಗುವಷ್ಟು ದೂರ ಜೀಪು, ಆಮೇಲೆ ಕಾಲುನಡಿಗೆ. ಮೊಳಕಾಲಿಗೆ ಬಟ್ಟೆ ಸುತ್ತಿಕೊಂಡು, ನನ್ನ ಭುಜ ಹಿಡಿದು ಇಳಿಯುವರು. ಒಂದು ಕಡೆ ನಿಂತು, "ಇಲ್ಲಿ ಒಂದು ಬಂಡೆ ಇರ್ಬೇಕು, ಮಣ್ಣು ಕೆರಿ" ಅನ್ನುವರು. ಕೆರೆದರೆ ಬಂಡೆ. "ಈ ಹಳ್ಳಕ್ಕೆ ಸೇತುವೆ, ಆ ಬಸರಿ ಮರದ ಎಡಕ್ಕೆ ಹೋಗೋದು, ಬಲಕ್ಕೆ ಹೋದ್ರೆ ಕೆಟ್ಟೆವು." ನಾನು ಫೋನಿನಲ್ಲಿ ಜಾಗ ಗುರುತು ಹಾಕಿಕೊಳ್ಳುವೆ, ಮನೆಗೆ ಬಂದು ಆಟದಲ್ಲಿ ಹಳಿ ಎಳೆಯುವೆ. ಪ್ರತಿ ಸಲವೂ ಐವತ್ತಕ್ಕೆ ಒಂದು, ಕೆಲವು ಕಡೆ ಅದಕ್ಕಿಂತಲೂ ಮೆತ್ತಗೆ. ಇಪ್ಪತ್ತು ವರ್ಷ ಇದೇ ಗುಡ್ಡಗಳಲ್ಲಿ ಜೀಪು ಓಡಿಸಿದವನು ನಾನು, ಇಂಥದ್ದೊಂದು ನಿಧಾನದ ದಾರಿ ಇದರೊಳಗೆ ಮಲಗಿದೆ ಅಂತ ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ನನ್ನ ಎಲ್ಲಾ ರಸ್ತೆಯೂ ಗುಡ್ಡವನ್ನು ಹತ್ತುತ್ತಿತ್ತು. ಅವರ ಗೆರೆ ಗುಡ್ಡವನ್ನು ಕೇಳಿಕೊಂಡು ಹೋಗುತ್ತಿತ್ತು. ನಿಜ ಹೇಳುತ್ತೇನೆ, ಆ ಮುದುಕರ ಹಿಂದೆ ನಡೆಯುವಾಗ ನನಗೆ ಭಯದಂಥದ್ದೇನೋ ಆಗುತ್ತಿತ್ತು, ದೇವಸ್ಥಾನದ ಒಳಗೆ ಆಗುತ್ತದಲ್ಲ ಹಾಗೆ.

ಜನಕ್ಕೆ ಸುದ್ದಿ ಮುಟ್ಟಿತು. ಒಬ್ಬ ತೋಟದ ಯಜಮಾನರು ಜೀಪು ನಿಲ್ಲಿಸಿ, "ನಮ್ಮ ಕಣದ ಮೇಲೆ ರೈಲು ಬಿಟ್ಟಿದ್ದೀಯಂತೆ? ಸ್ವಲ್ಪ ಕೆಳಗೆ ಜರುಗಿಸು" ಅಂತ ಗದರಿದರು. ಕಂಪ್ಯೂಟರಿನಲ್ಲಿ ಸ್ವಾಮಿ ಅಂದರೂ ಕೇಳಲಿಲ್ಲ.

ಕೊನೆಗೆ ಆ ಏಣು ಬಂತು. ಒಂದು ಮಗ್ಗುಲಿನ ನೀರು ಹೇಮಾವತಿ ಸೇರಿ ಕಾವೇರಿಗೆ, ಇನ್ನೊಂದು ಮಗ್ಗುಲಿನದು ಭದ್ರೆಗೆ. ಅದನ್ನು ದಾಟಿದರೆ ಮುಂದೆ ಕಳಸದವರೆಗೆ ಇಳಿಜಾರು. ಅವತ್ತು ಮೇಸ್ತ್ರಿಯ ಮೊಳಕಾಲು ಬಾತುಕೊಂಡಿತ್ತು. ಏಣಿನ ನಡುವೆ ಮರಗಾಡಿನೊಳಗೆ ಒಂದು ತಗ್ಗು ಇದೆ, ಅದರ ಮೂಲಕ ಹಳಿ ಎಳಿ ಅಂತ ಮನೆಯಲ್ಲೇ ಕೂತು ಹೇಳಿ ಕಳಿಸಿದರು. ನಾನು ಜಾಗಕ್ಕೆ ಹೋಗದೆ ಕಂಪ್ಯೂಟರಿನಲ್ಲೇ ಎಳೆದೆ. ಹಳಿ ಸೀದಾ ಮಣ್ಣಿನೊಳಗೆ ಹೋಯಿತು. ಅಲ್ಲಿ ತಗ್ಗೇ ಇಲ್ಲ. ಅವರು ಹೇಳಿದ ಮಟ್ಟಕ್ಕಿಂತ ನೆಲ ಅರವತ್ತು ಎಪ್ಪತ್ತು ಅಡಿ ಮೇಲಿತ್ತು. ನಾಲ್ಕು ಸಲ ನೋಡಿದೆ. ಸುರಂಗ ಕೊರೆಯದೆ ಆಗುವಂತಿರಲಿಲ್ಲ.

ಇದನ್ನು ನಾನು ಅವರ ಮನೆಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಬೆಳಿಗ್ಗೆ ಊರಿನ ಕ್ಯಾಂಟೀನಿನಲ್ಲಿ, ಕಾಫಿಗೆಂದು ಕುಂಟುತ್ತಾ ಬಂದ ಅವರು ಸಿಕ್ಕಿದರು, ಸುತ್ತ ಏಳೆಂಟು ಜನ, ತಿಂಗಳುಗಟ್ಟಲೆ ದುಡಿದದ್ದು ಹಾಳಾಯಿತಲ್ಲ ಅನ್ನುವ ಸಿಟ್ಟು ನನಗೆ. "ಮೇಸ್ತ್ರಿಯವ್ರೇ, ತಗ್ಗೂ ಇಲ್ಲ ಎಂಥದ್ದೂ ಇಲ್ಲ. ಸರ್ವೆಯವ್ರು ಹೇಳಿದ್ದೇ ಸರಿ. ಉಪಗ್ರಹ ಸುಳ್ಳು ಹೇಳ್ತದಾ?" ಅಂದೆ.

ಕ್ಯಾಂಟೀನಿನವನು ಮೊದಲು ನಕ್ಕ, ಆಮೇಲೆ ಉಳಿದವರು. "ರೈಲು ಹೋಯ್ತು ಬಿಡಿ ಮೇಸ್ತ್ರಿ" ಅಂದ ಒಬ್ಬ. ಮೇಸ್ತ್ರಿ ಅರ್ಧ ಕಾಫಿ ಹಾಗೇ ಬಿಟ್ಟು, ಮೇಜು ಹಿಡಿದುಕೊಂಡು ಎದ್ದು ಹೊರಟರು. ಅವರ ಬೆನ್ನು ನೋಡಿದ ಮೇಲೆ ನನಗೆ ನಾನು ಮಾಡಿದ್ದು ಅರ್ಥವಾಯಿತು. ಅಷ್ಟು ವರ್ಷ ಊರಿಡೀ ನಕ್ಕರೂ ತಡೆದುಕೊಂಡಿದ್ದವರು; ನಂಬಿದವನು ಅಂತ ಒಬ್ಬನೇ ಒಬ್ಬ ಸಿಕ್ಕಿದ್ದೆ, ನಾನು.

ವಾರಾಂತ್ಯಕ್ಕೆ ಅತ್ತಿಗುಂಡಿಗೆ ಹೋದೆ. ಮೈಸೂರಿನ ಕಡೆಯ ಒಂದು ಸಂಸಾರವನ್ನು ಮೇಲೆ ಹತ್ತಿಸಿ ಕೆಳಗಿನ ತೋಟಗಳನ್ನು ತೋರಿಸುತ್ತಿದ್ದೆ. ಅವರಲ್ಲಿ ಒಬ್ಬ ಹೆಂಗಸು, "ಕಾಫಿ ಗಿಡ ಎಷ್ಟು ಚೆನ್ನಾಗಿ ಗುಂಡಗೆ ಬೆಳ್ದಿದೆ" ಅಂದರು. ನಾನು ನಕ್ಕು, ಅಮ್ಮ, ಅದು ಕಾಫಿ ಗಿಡ ಅಲ್ಲ, ಮೇಲಿನ ನೆರಳು ಮರಗಳ ತಲೆ, ಕಾಫಿ ಎಲ್ಲೋ ಅದರಡಿ ಇದೆ, ನೆಲ ಅದಕ್ಕೂ ಕೆಳಗೆ, ಇಲ್ಲಿಂದ ನೆಲ ಯಾರಿಗೂ ಕಾಣುವುದಿಲ್ಲ ಅಂದೆ. ಹೇಳಿದವನು ಹಾಗೇ ನಿಂತುಬಿಟ್ಟೆ. ಉಪಗ್ರಹ ಇನ್ನೂ ಮೇಲಿನಿಂದ ನೋಡಿದ್ದು. ತೋಟಗಳಲ್ಲಿ ಮರ ಎಲ್ಲಾ ಹೆಚ್ಚುಕಡಿಮೆ ಒಂದೇ ಎತ್ತರ, ಅದಕ್ಕೇ ಅಲ್ಲಿ ಇಳಿಜಾರು ತಪ್ಪಿರಲಿಲ್ಲ. ಏಣಿನ ಎರಡೂ ಕಡೆ ಬರೀ ಹುಲ್ಲು, ನಡುವಿನ ತಗ್ಗಿನಲ್ಲಿ ಮಾತ್ರ ಆಕಾಶಕ್ಕೆ ಬೆಳೆದ ಹಳೇ ಮರ. ಅದು ಮರದ ತಲೆಯನ್ನೇ ನೆಲ ಅಂತ ಬರೆದುಕೊಂಡಿತ್ತು. ನೆರಳಿನಡಿಯಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ನಂಬಿ, ಅಲ್ಲಿ ನಡೆದ ಮನುಷ್ಯನನ್ನು ಸುಳ್ಳುಗಾರ ಮಾಡಿದ್ದೆ.

ಮಾರನೇ ದಿನ ಅವರ ಜಗಲಿಯಲ್ಲಿ ನಿಂತು, ತಪ್ಪಾಯ್ತು, ಟ್ರೇಸರ್ ಕೊಡಿ, ನಾನೇ ಹೋಗಿ ಅಳೆದು ಬರುತ್ತೇನೆ ಅಂದೆ.

"ನೀನು ಅಳೆದ್ರೆ ಇನ್ನೊಂದು ಗುಡ್ಡ ಹುಟ್ತದೆ," ಅಂದರು. "ನಡಿ, ಬರ್ತೀನಿ."

ಅರ್ಧ ದಾರಿ ಅವರನ್ನು ಬೆನ್ನ ಮೇಲೆ ಹೊತ್ತೆ. ಒಳಗೆ ಹೊಕ್ಕರೆ ಏಲಕ್ಕಿ ಸಾಲು, ಕತ್ತು ನೋಯುವಷ್ಟು ಎತ್ತರದ ಕಾಂಡಗಳು, ಮತ್ತು ನಮ್ಮ ಕಾಲ ಕೆಳಗೆ ಆ ತಗ್ಗು. ಅಗಲವಾಗಿ, ಮಟ್ಟಸವಾಗಿ, ಒಂದು ರೈಲು ಹೋಗುವುದಕ್ಕೆಂದೇ ಬಿಟ್ಟ ಹಾಗೆ. "ಸರ್ವೆಯವ್ರು ಜಿಗಣೆ ಇದೆ ಅಂತ ಒಳಗೆ ಕಾಲಿಡ್ಲಿಲ್ಲ," ಅಂದರು. "ನಾನು ಚಿಕ್ಕೋನಿದ್ದಾಗ್ಲೇ ಏಲಕ್ಕಿ ಕುಯ್ಯಕ್ಕೆ ಇಲ್ಲಿಗೆ ಬಂದವನು." ಕೊಳವೆಯಲ್ಲಿ ಕಣ್ಣಿಟ್ಟು ಒಂದೊಂದೇ ಗೂಟ ಹಾಕಿಸಿದರು. ಸಂಜೆಯೊಳಗೆ ಆಚೆ ಮಗ್ಗುಲಿಗೆ ಬಂದೆವು. ಭದ್ರೆಯ ಕಣಿವೆ ಅಷ್ಟೂ ಎದುರಿಗೆ ತೆರೆದುಕೊಂಡಿತ್ತು. ಎಷ್ಟೋ ಕೋಟಿ ವರ್ಷದಿಂದ ಎರಡು ನದಿಗಳನ್ನು ಬೇರೆ ಮಾಡಿಟ್ಟ ಗೋಡೆಯಲ್ಲಿ ಒಂದು ಬಾಗಿಲಿದೆ, ಅದು ಪ್ರಪಂಚದಲ್ಲಿ ಈ ಒಬ್ಬರಿಗೆ ಗೊತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ನೋಡಿಯೂ ನೋಡದವರ ಹಾಗೆ ಕೂತಿದ್ದರು.

ಮರಗಳ ಎತ್ತರ ಕಳೆದು ಆಟದಲ್ಲಿ ನೆಲ ತಿದ್ದಿದೆ. ಚಿಕ್ಕಮಗಳೂರಿನಿಂದ ಹನ್ನೆರಡು ಬೋಗಿಯ ರೈಲು ಹೊರಡಿಸಿದೆ, ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು. ಮೂಡಿಗೆರೆ ಆಯಿತು, ಬಾಳೂರು ಆಯಿತು. ಏಣಿನ ಹತ್ತಿರ ವೇಗ ಇಳಿಯಿತು, ಚಕ್ರ ಒಮ್ಮೆ ಜಾರಿತು, ಹಿಡಿಯಿತು. ತಗ್ಗಿನೊಳಗೆ ನುಗ್ಗಿ ಆಚೆ ಬಂತು. ಕಳಸದಲ್ಲಿ ನಿಂತಾಗ ಅವರು ಕೇಳಿದ್ದು ಒಂದೇ: "ಜಾರಿತಲ್ಲ, ಅಲ್ಲಿ ನಿನ್ನ ಕೈ ತಪ್ಪಾ, ನನ್ನ ಗೆರೆ ತಪ್ಪಾ?" ನನ್ನ ಕೈ ಅಂದೆ. ಅದು ನಿಜವೂ ಆಗಿತ್ತು.

ದಾರಿಯನ್ನು ಗುಂಪಿಗೆ ಹಾಕಿದೆ. ಅಲ್ಲಿಂದ ಅದು ಹರಡಿ, ಜಗತ್ತಿನ ಎಲ್ಲೆಲ್ಲಿಯವರೋ ಇಳಿಸಿಕೊಂಡು ಓಡಿಸಿದರು. ಹತ್ತು ದಿನ ಬಿಟ್ಟು ಒಬ್ಬರು ಬರೆದರು, ಚಳಿದೇಶದವರು, ನಿಜವಾದ ರೈಲನ್ನೇ ಗುಡ್ಡಗಳಲ್ಲಿ ಓಡಿಸಿ ನಿವೃತ್ತರಾದವರು. ಅದನ್ನು ಮೇಸ್ತ್ರಿಗೆ ಮನೆಯಲ್ಲಿ ಓದಿ ಹೇಳಲು ನನಗೆ ಮನಸ್ಸಾಗಲಿಲ್ಲ. ಅವಮಾನ ಮಾಡಿದ್ದು ಎಲ್ಲಿ, ಅಲ್ಲೇ ಓದಬೇಕು. ಬೆಳಿಗ್ಗೆ ಅವರನ್ನು ಒತ್ತಾಯದಿಂದ ಕ್ಯಾಂಟೀನಿಗೆ ಕರೆತಂದೆ. ಎಲ್ಲರೂ ಇದ್ದರು. ಎದ್ದು ನಿಂತು, ಅವತ್ತು ನಾನು ಹೇಳಿದ್ದು ತಪ್ಪು, ಉಪಗ್ರಹ ಮರ ನೋಡಿತ್ತು, ಇವರು ನೆಲ ನೋಡಿದ್ದರು ಅಂದೆ. ಆಮೇಲೆ ಕನ್ನಡದಲ್ಲಿ ಓದಿದೆ: "ನಾನು ಬಹಳ ಘಾಟಿ ದಾರಿಗಳಲ್ಲಿ ಓಡಿಸಿದ್ದೇನೆ. ಈ ದಾರಿ ಹಾಕಿದವರು ಇದನ್ನು ಪೂರ್ತಿ ನಡೆದಿದ್ದಾರೆ. ಅವರು ಬದುಕಿದ್ದರೆ ನನ್ನ ನಮಸ್ಕಾರ ತಿಳಿಸಿ. ಈ ಲೈನು ಯಾವಾಗ ಕಟ್ಟಿದ್ದು?"

ಕ್ಯಾಂಟೀನಿನವನು ಲೋಟ ತೊಳೆಯುವುದು ನಿಲ್ಲಿಸಿ ಕೈ ಒರೆಸಿಕೊಂಡ. ಮೇಸ್ತ್ರಿಯ ಹತ್ತಿರ ಬಂದು, "ನಮ್ಮೂರಿಗೆ ಸ್ಟೇಷನ್ ಎಲ್ಲಿ ಇಟ್ಟಿದ್ದೀರಿ?" ಅಂತ ಕೇಳಿದ.

ಅವರು ಎದ್ದು ಬಾಗಿಲಿಗೆ ಹೋಗಿ ರಸ್ತೆಗೆ ಇಳಿದರು. ಎಲ್ಲರೂ ಕೈಯಲ್ಲಿ ಲೋಟ ಹಿಡಿದುಕೊಂಡೇ ಅವರ ಹಿಂದೆ ಬಂದು ನಿಂತರು. ಮೇಸ್ತ್ರಿ ಎದುರಿನ ಇಳಿಜಾರಿಗೆ ಕೈ ತೋರಿಸಿದರು. ಅಲ್ಲಿ ಕಾಫಿ ಬಿಟ್ಟರೆ ಏನೂ ಇರಲಿಲ್ಲ. ಎಲ್ಲರೂ ಅದನ್ನೇ ನೋಡುತ್ತಾ ನಿಂತೆವು, ಒಬ್ಬರೂ ನಗಲಿಲ್ಲ.